ನೀರು ಸಿಗುವ ತನಕ: ಗುರಿ ಇಟ್ಟುಕೊಳ್ಳುವವರಿಗೆ ಹನ್ನೆರಡು ಸೂತ್ರಗಳು

ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಹತ್ತಿರ ಅಮೈ ಎಂಬ ಊರಿದೆ. ಅಲ್ಲಿನ ಮಹಾಲಿಂಗ ನಾಯ್ಕರು ಅಡಿಕೆ ಮರ, ತೆಂಗಿನ ಮರ ಹತ್ತುವ ಕೂಲಿ ಕೆಲಸ ಮಾಡುತ್ತಿದ್ದವರು. 1978ರಲ್ಲಿ ತೋಟದ ಧಣಿಗಳು ಅವರಿಗೆ ಎರಡು ಎಕರೆ ಜಾಗ ಕೊಟ್ಟರು. ಗುಡ್ಡದ ಇಳಿಜಾರು, ಬೋಳು ನೆಲ, ತೊಟ್ಟು ನೀರಿಲ್ಲ. ಬಾವಿ ತೋಡಿಸಿ ಪಂಪು ಕೂರಿಸಲು ಕೈಯಲ್ಲಿ ಕಾಸಿಲ್ಲ. ಆ ಭಾಗದಲ್ಲಿ, ಕಾಸರಗೋಡಿನ ಕಡೆಯೂ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವ ಹಳೆಯ ಪದ್ಧತಿ ಇದೆ. ನೀರಿನ ಸೆಲೆ ಸಿಕ್ಕರೆ ಸಾಕು, ಪಂಪಿನ ಹಂಗಿಲ್ಲದೆ ತಾನೇ ಹರಿದು ಬರುತ್ತದೆ. ನಾಯ್ಕರು ಅದನ್ನೇ ಹಿಡಿದರು. ಹಗಲೆಲ್ಲ ಕೂಲಿ, ಕತ್ತಲಾದ ಮೇಲೆ ದೀಪ ಹಚ್ಚಿಕೊಂಡು ಒಬ್ಬರೇ ಅಗೆತ. ಮೊದಲ ಸುರಂಗದಲ್ಲಿ ನೀರು ಬರಲಿಲ್ಲ. ಎರಡನೆಯದರಲ್ಲೂ ಇಲ್ಲ. ಹೀಗೆ ಐದು ಸುರಂಗಗಳು ಒಣಗಿಯೇ ಉಳಿದವು, ವರ್ಷಗಳು ಉರುಳಿದವು. ಆರನೆಯದರಲ್ಲಿ ಮಣ್ಣು ತೇವವಾಯಿತು, ನೀರು ಜಿನುಗಿತು. ಬೋಳು ಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆ, ಕಾಳುಮೆಣಸು ಎದ್ದವು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಗುರಿಯ ಮಾತು ಬಂದಾಗಲೆಲ್ಲ ನಾನು ಈ ಕಥೆ ಹೇಳುತ್ತೇನೆ. ಎಲ್ಲರೂ ಇದನ್ನು ಛಲದ ಕಥೆ ಎನ್ನುತ್ತಾರೆ. ಛಲ ಇದೆ, ಸುಳ್ಳಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ನಾಯ್ಕರ ಗುರಿ ಸುರಂಗವಾಗಿದ್ದರೆ ಮೊದಲನೆಯದು ಮುಗಿದ ದಿನವೇ ಗೆದ್ದೆ ಎಂದು ಹಾರೆ ಕೆಳಗಿಡಬಹುದಿತ್ತು. ಅವರಿಗೆ ಬೇಕಾಗಿದ್ದದ್ದು ನೀರು. ಹಾಗಾಗಿ ಅಷ್ಟು ಬೆವರು ಸುರಿಸಿ ಕೊರೆದ ಸುರಂಗವನ್ನೂ ಬಿಟ್ಟು ಹೊಸದಕ್ಕೆ ಹಾರೆ ಹಾಕುವುದು ಸಾಧ್ಯವಾಯಿತು. ನಮ್ಮಲ್ಲಿ ಬಹಳ ಜನ ವರ್ಷಗಟ್ಟಲೆ ಸುರಂಗಗಳನ್ನೇ ಎಣಿಸುತ್ತೇವೆ. ಸರ್ಟಿಫಿಕೇಟು ಎಷ್ಟು, ಕೊಂಡ ಪುಸ್ತಕ ಎಷ್ಟು, ಹಾಜರಾದ ಶಿಬಿರ ಎಷ್ಟು. ನೀರು ಬಂತೇ ಎಂದು ಕೇಳಿಕೊಳ್ಳುವುದಿಲ್ಲ.

ಕೆಳಗಿನ ಹನ್ನೆರಡು ಸೂತ್ರಗಳು ಆ ಒಂದು ಪ್ರಶ್ನೆಯಿಂದಲೇ ಹುಟ್ಟಿದವು.

1. ಗುರಿಗೆ ಫಲದ ಹೆಸರಿಡಿ

ಜಿಮ್ಮಿಗೆ ಸೇರುವುದು ಸುರಂಗ. ಇಂಗ್ಲಿಷ್ ಕೋರ್ಸಿಗೆ ದುಡ್ಡು ಕಟ್ಟುವುದು ಸುರಂಗ. ‘ಈ ವರ್ಷ ಉಳಿತಾಯ ಮಾಡಬೇಕು’ ಎನ್ನುವುದೂ ಸುರಂಗವೇ.

ನಮ್ಮ ಅಮ್ಮನ ವಿಷಯ ಹೇಳುತ್ತೇನೆ. ಆಗ ಅಮ್ಮನಿಗೆ 62. ಸಕ್ಕರೆ ಕಾಯಿಲೆ ಶುರುವಾಗಿತ್ತು, ಮಂಡಿ ಹಿಡಿದುಕೊಳ್ಳುತ್ತಿತ್ತು. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ಮನೆಗೆ ಎರಡು ಜೊತೆ ಶೂ ಬಂದವು, ನಡಿಗೆ ಬರಲಿಲ್ಲ. ಒಂದು ಸಂಜೆ ಮಹಡಿಯ ಮೇಲಿಂದ ಚಾಮುಂಡಿ ಬೆಟ್ಟದ ದೀಪ ನೋಡುತ್ತಾ ಅಮ್ಮ ಅಂದರು: “ಮೆಟ್ಟಿಲು ಹತ್ತಿ ನಂದಿ ನೋಡಿ ಎಷ್ಟು ವರ್ಷ ಆಯ್ತೋ. ಇನ್ನೊಂದು ಸಲ ನನ್ನ ಕಾಲಲ್ಲೇ ಹೋಗಬೇಕು ಕಣೋ.” ಬೆಟ್ಟಕ್ಕೆ ಸುಮಾರು ಸಾವಿರ ಮೆಟ್ಟಿಲು, ದೊಡ್ಡ ದೇವರಾಜ ಒಡೆಯರ ಕಾಲದವು. ನಂದಿ ಇರುವುದು ಏಳುನೂರರ ಆಸುಪಾಸಿನಲ್ಲಿ. ಅಂದಿನಿಂದ ‘ವಾಕಿಂಗ್’ ಎಂಬ ಮಾತು ನಮ್ಮ ಮನೆಯಲ್ಲಿ ನಿಂತಿತು. ‘ನಂದಿ’ ಎಂಬ ಮಾತು ಶುರುವಾಯಿತು. ಮರುದಿನ ಬೆಳಿಗ್ಗೆ ಅಮ್ಮ ತಾವೇ ಶೂ ಹುಡುಕಿದರು.

ನಿಮ್ಮ ಗುರಿಯನ್ನು ಒಂದು ಸಾಲಿನಲ್ಲಿ ಬರೆಯಿರಿ. ‘ಅದರಿಂದ ಏನಾಗುತ್ತದೆ?’ ಎಂದು ಕೇಳಿ. ಉತ್ತರ ಬಂದರೆ ಆ ಉತ್ತರಕ್ಕೂ ಅದೇ ಪ್ರಶ್ನೆ ಹಾಕಿ. ‘ಅದೇ ನನಗೆ ಬೇಕು’ ಎಂಬ ಮಾತು ಬರುವ ತನಕ ಬಿಡಬೇಡಿ. ಕಂಪ್ಯೂಟರ್ ಕಲಿಯಬೇಕು. ಅದರಿಂದ? ಅಂಗಡಿಯ ಲೆಕ್ಕ ಬರೆಯಬಹುದು. ಅದರಿಂದ? ತಿಂಗಳ ಕೊನೆಗೆ ಲಾಭವೆಷ್ಟು, ನಷ್ಟವೆಷ್ಟು ಎಂದು ಇನ್ನೊಬ್ಬರನ್ನು ಕೇಳದೆ ನನಗೇ ಗೊತ್ತಾಗುತ್ತದೆ. ಬರೆದಿಟ್ಟುಕೊಳ್ಳಬೇಕಾದದ್ದು ಆ ಕೊನೆಯ ಸಾಲನ್ನು.

2. ಅದು ನಿಮ್ಮದೇ ಗುರಿಯೇ?

ಪಕ್ಕದ ಮನೆಯ ಹುಡುಗ ಅಮೆರಿಕಕ್ಕೆ ಹೋದ, ಓರಗೆಯವನು ಸೈಟು ಕೊಂಡ, ನಾದಿನಿ ಹತ್ತು ಕೆ.ಜಿ. ಇಳಿಸಿದಳು. ಇವುಗಳಿಂದ ಹುಟ್ಟಿದ ಗುರಿ ಮೂರು ವಾರಕ್ಕೆ ಬಾಡುತ್ತದೆ. ಅದಕ್ಕೆ ನಿಮ್ಮ ನೆಲದಲ್ಲಿ ಬೇರಿಲ್ಲ.

ಹರೇಕಳ ಹಾಜಬ್ಬನವರು ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದರು. ಒಮ್ಮೆ ವಿದೇಶಿ ಪ್ರವಾಸಿಗರು ಬಂದು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಶಾಲೆಯ ಮೆಟ್ಟಿಲು ಹತ್ತದ ಹಾಜಬ್ಬನವರಿಗೆ ಉತ್ತರ ಹೇಳಲಾಗಲಿಲ್ಲ. ಅವರು ಹೋದರು, ಇವರ ಮನಸ್ಸಿನಲ್ಲಿ ಆ ಮಾತು ಉಳಿಯಿತು: ನನ್ನೂರಿನ ಮಕ್ಕಳಿಗೆ ಹೀಗಾಗಬಾರದು. ನ್ಯೂಪಡ್ಪುವಿನಲ್ಲಿ ಆಗ ಶಾಲೆ ಇರಲಿಲ್ಲ. ಕಿತ್ತಳೆಯ ಬುಟ್ಟಿ ಹೊತ್ತುಕೊಂಡೇ ಕಚೇರಿಯಿಂದ ಕಚೇರಿಗೆ ಅಲೆದರು, ದುಡಿದ ಚಿಲ್ಲರೆ ಕೂಡಿಟ್ಟರು. 2000ರ ಹೊತ್ತಿಗೆ 28 ಮಕ್ಕಳಿಂದ ಶಾಲೆ ಶುರುವಾಯಿತು. ಆ ಗುರಿಯನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ನೊಂದ ಜಾಗದಲ್ಲೇ ಹುಟ್ಟಿದ್ದು.

ನಿಮಗೆ ಎಲ್ಲಿ ಚುರುಕು ಮುಟ್ಟಿತ್ತು? ಯಾವ ಮಾತಿಗೆ, ಯಾವ ಕೊರತೆಗೆ ಇವತ್ತಿಗೂ ರಾತ್ರಿ ನಿದ್ದೆ ಬರುವುದಿಲ್ಲ? ಗುರಿ ಹುಡುಕುವವರು ಅಲ್ಲಿಂದ ಶುರು ಮಾಡಲಿ.

3. ಒಂದು ಅಂಕಿ, ಒಂದು ತಾರೀಕು

‘ನೋಡೋಣ, ಕೈಲಾದಷ್ಟು ಮಾಡ್ತೀನಿ’ ಎನ್ನುವ ಮಾತು ನಮ್ಮಲ್ಲಿ ಬಹಳ ಚಾಲ್ತಿ. ಕೇಳಲು ವಿನಯ, ಕೆಲಸಕ್ಕೆ ವಿಷ.

ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಗುರಿಯ ಬಗ್ಗೆಯೇ ದಶಕಗಟ್ಟಲೆ ಅಧ್ಯಯನ ಮಾಡಿದವರು. ಲೇಥಮ್ ಅವರ 1975ರ ಒಂದು ಅಧ್ಯಯನ ಅಮೆರಿಕದ ಓಕ್ಲಹೋಮಾದ್ದು. ಅಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಗಳು ಕಾನೂನು ಒಪ್ಪುವ ಭಾರದ ಶೇ. 60ರಷ್ಟನ್ನು ಮಾತ್ರ ಹೇರಿಕೊಂಡು ಓಡುತ್ತಿದ್ದವು. ‘ಆದಷ್ಟು ಹೇರಿ’ ಎಂದು ಹೇಳಿ ಹೇಳಿ ಸಾಕಾಗಿತ್ತು. ಆಮೇಲೆ ಚಾಲಕರಿಗೆ ಒಂದು ಅಂಕಿ ಕೊಟ್ಟರು: ಶೇ. 94. ಹೆಚ್ಚಿನ ಸಂಬಳವಿಲ್ಲ, ಬಹುಮಾನವಿಲ್ಲ, ಮುಟ್ಟಿದವರಿಗೆ ಒಂದು ಒಳ್ಳೆಯ ಮಾತು ಅಷ್ಟೆ. ಕೆಲವೇ ತಿಂಗಳಲ್ಲಿ ಲಾರಿಗಳು ಶೇ. 90ರ ಆಸುಪಾಸಿಗೆ ಬಂದು ನಿಂತವು. ಅವೇ ಲಾರಿ, ಅವರೇ ಚಾಲಕರು, ಅದೇ ರಸ್ತೆ. ಬದಲಾದದ್ದು ಅಂಕಿ ಒಂದೇ.

ಅಂಕಿ ಸ್ವಲ್ಪ ಕಷ್ಟದ್ದೇ ಇರಲಿ. ಸಲೀಸಾಗಿ ಮುಟ್ಟುವ ಅಂಕಿ ನಿಮ್ಮಿಂದ ಏನನ್ನೂ ಕೇಳುವುದಿಲ್ಲ. ಪಕ್ಕದಲ್ಲಿ ತಾರೀಕೂ ಇರಲಿ. ‘ದಸರೆಯೊಳಗೆ ನಂದಿ’ ಎಂದು ಅಮ್ಮ ಹೇಳಿದ್ದರು.

4. ಮೊದಲ ವರ್ಷ ಹತ್ತು ಸಸಿ

ಗುರಿ ದೊಡ್ಡದಿರಲಿ, ಮೊದಲ ಕಂತು ಸಣ್ಣದಿರಲಿ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಮತ್ತು ಪತಿ ಚಿಕ್ಕಯ್ಯ ಕುದೂರಿನ ರಸ್ತೆಯಲ್ಲಿ ಮೊದಲ ವರ್ಷ ನೆಟ್ಟದ್ದು 10 ಆಲದ ಸಸಿ. ಎರಡನೆಯ ವರ್ಷ 15, ಮೂರನೆಯ ವರ್ಷ 20. ಲೆಕ್ಕ ನೋಡಿ. ಕೂಲಿ ಮಾಡಿ ಬದುಕುವ ಗಂಡ ಹೆಂಡತಿ ಬಿಂದಿಗೆಯಲ್ಲಿ ನೀರು ಹೊತ್ತು, ದನಕರು ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟಿ ಸಾಕಬಹುದಾದಷ್ಟೇ ಸಸಿ. ಮೊದಲ ವರ್ಷವೇ ನೂರು ನೆಟ್ಟಿದ್ದರೆ ಬೇಸಿಗೆಗೆ ತೊಂಬತ್ತು ಒಣಗುತ್ತಿದ್ದವು, ಮರುವರ್ಷ ನೆಡುವ ಮನಸ್ಸೂ ಇರುತ್ತಿರಲಿಲ್ಲ. ಹುಲಿಕಲ್ಲಿನಿಂದ ಕುದೂರಿನ ತನಕ ಸುಮಾರು ನಾಲ್ಕು ಕಿ.ಮೀ. ಉದ್ದಕ್ಕೆ ಇಂದು ನಿಂತಿರುವ ನೆರಳು ಹತ್ತರಿಂದ ಶುರುವಾದದ್ದು.

ನೆಡುವುದು ಸುಲಭ, ಸಾಕುವುದು ಕಷ್ಟ. ನೀವು ಎಷ್ಟನ್ನು ಸಾಕಬಲ್ಲಿರಿ ಎಂಬುದೇ ನಿಮ್ಮ ಮೊದಲ ಕಂತು.

5. ಹದ ನೋಡಿ ಬಿತ್ತಿ

ತಿಮ್ಮಕ್ಕ, ಚಿಕ್ಕಯ್ಯ ಸಸಿ ನೆಟ್ಟದ್ದು ಮಳೆಗಾಲದಲ್ಲಿ. ಅರ್ಧ ಕೆಲಸವನ್ನು ಮಳೆಯೇ ಮಾಡಿಕೊಟ್ಟಿತು.

ಜನವರಿ ಒಂದಕ್ಕೇ ಎಲ್ಲವೂ ಶುರುವಾಗಬೇಕೆಂಬ ನಿಯಮವಿಲ್ಲ. ಶಾಲೆಯಲ್ಲಿ ಪಾಠ ಮಾಡುವವರು ಜನವರಿಯಲ್ಲಿ ಏನಾದರೂ ಹೊಸತು ಹಿಡಿದರೆ ಪರೀಕ್ಷೆಯ ಗಲಾಟೆಯಲ್ಲಿ ಅದು ಮುಳುಗುತ್ತದೆ. ಅವರ ಹದ ಏಪ್ರಿಲ್‌ನಲ್ಲಿದೆ. ರೈತರಿಗೆ ಸುಗ್ಗಿ ಮುಗಿದ ಮೇಲೆ, ಲೆಕ್ಕಪತ್ರದ ಕಚೇರಿಯವರಿಗೆ ಮಾರ್ಚ್ ದಾಟಿದ ಮೇಲೆ. ಬಾಣಂತಿ ಮನೆಯಲ್ಲಿ, ಮದುವೆ ಮನೆಯಲ್ಲಿ ಹೊಸ ಗುರಿ ಹಿಡಿಯಬೇಡಿ. ಒಣ ನೆಲಕ್ಕೆ ಬೀಜ ಎಸೆದು ಮೊಳಕೆ ಬರಲಿಲ್ಲವೆಂದು ತಮ್ಮನ್ನೇ ಬೈದುಕೊಳ್ಳುವ ಎಷ್ಟೋ ಜನರನ್ನು ನೋಡಿದ್ದೇನೆ. ತಪ್ಪು ಅವರದ್ದಲ್ಲ, ತಿಂಗಳಿನದ್ದು.

6. ಒಂದು ಸಲಕ್ಕೆ ಒಂದು

ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ. ಪಟ್ಟಿಯಲ್ಲಿ ಒಂಬತ್ತು ಗುರಿಗಳಿದ್ದರೆ ಎಂಟನ್ನು ಬೇರೆ ಹಾಳೆಗೆ ಬರೆದು ಕಪಾಟಿನಲ್ಲಿಡಿ. ಹರಿದು ಹಾಕಬೇಕಿಲ್ಲ. ಸರದಿ ಬಂದಾಗ ತೆಗೆದರಾಯಿತು.

7. ‘ಯಾವಾಗ, ಎಲ್ಲಿ’ ಎಂದು ಬರೆಯಿರಿ

ನನ್ನ ಅಕ್ಕನನ್ನು ಹಾವೇರಿಗೆ ಕೊಟ್ಟಿದೆ. ಅವಳ ಮಗ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದ. ಆ ಬಡಾವಣೆ ಗೊತ್ತಿದ್ದವರಿಗೆ ಗೊತ್ತು: ಗಲ್ಲಿ ಗಲ್ಲಿಗೂ ಕೋಚಿಂಗ್ ಕ್ಲಾಸು, ಓದುವ ಕೋಣೆ, ಮೆಸ್ಸು, ಝೆರಾಕ್ಸ್ ಅಂಗಡಿ. ಪಿಎಸ್‌ಐ, ಪಿಡಿಒ, ಎಫ್‌ಡಿಎ ಎಂದು ಕನಸು ಹೊತ್ತ ಸಾವಿರಾರು ಮಕ್ಕಳು. ಒಮ್ಮೆ ಹೋದಾಗ ಅವನ ಕೋಣೆಯ ಗೋಡೆ ತೋರಿಸಿದ.

“ಮಾಮಾ, ಈ ಸಲ ಟೈಮ್‌ಟೇಬಲ್ ಪಕ್ಕಾ ಹಾಕೇನ್ರೀ.”

ದೊಡ್ಡ ಡ್ರಾಯಿಂಗ್ ಹಾಳೆ. ಕೆಂಪು, ಹಸಿರು, ನೀಲಿ ಸ್ಕೆಚ್ ಪೆನ್ನು. ಬೆಳಿಗ್ಗೆ 4.30ಕ್ಕೆ ಏಳುವುದರಿಂದ ರಾತ್ರಿ 11ರ ತನಕ ಒಟ್ಟು ಹದಿನಾಲ್ಕು ತಾಸು ಓದು. ಊಟಕ್ಕೆ ಇಪ್ಪತ್ತು ನಿಮಿಷ. ಹಾಳೆಯ ನಾಲ್ಕು ಮೂಲೆಗೂ ಟೇಪು, ಅದರಡಿಯಲ್ಲಿ ಹಿಂದಿನ ಟೈಮ್‌ಟೇಬಲ್ಲಿನ ಹಳೆಯ ಟೇಪಿನ ಗುರುತು. ಎಣಿಸಿದೆ, ಮೂರು ಹಾಳೆಗಳ ಗುರುತಿತ್ತು.

“ನಾಳೆ ಬೆಳಿಗ್ಗೆ ಚಹಾ ಎಲ್ಲಿ ಕುಡೀತೀಯಾ?” ಎಂದು ಕೇಳಿದೆ.

“ಇಲ್ಲೇ ಮೂಲಿ ಅಂಗಡಿಯೊಳಗರೀ.”

“ಅಲ್ಲಿಂದ ಎಲ್ಲಿಗೆ?”

“ರೂಮಿಗೆ ಬರ್ತೇನಿ. ಫೋನ್ ನೋಡ್ತೇನಿ. ಆಮ್ಯಾಲೆ ಒಂಬತ್ತ ಆಗಿಬಿಡ್ತದ್ರೀ.”

ಆ ಒಂದೇ ತಿರುವಿನಲ್ಲಿ ಅವನ ದಿನ ಕೈಜಾರುತ್ತಿತ್ತು. ಹಾಳೆಯ ಹಿಂದೆ ಒಂದು ಸಾಲು ಬರೆಯಲು ಹೇಳಿದೆ. ಬರೆದ: ‘ಚಹಾದ ಲೋಟ ಕೆಳಗಿಟ್ಟ ಕೂಡಲೇ ರೂಮಿಗೆ ಬರದೆ ಸೀದಾ ಓದುವ ಕೋಣೆಗೆ ಹೋಗಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಹಳೆಯ ಪ್ರಶ್ನೆಪತ್ರಿಕೆಯ ಹತ್ತು ಲೆಕ್ಕ ಬಿಡಿಸುತ್ತೇನೆ.’ ಅಷ್ಟೇ. ಹದಿನಾಲ್ಕು ತಾಸಿನ ಮಾತೇ ಇಲ್ಲ. ಎರಡು ತಿಂಗಳ ನಂತರ ಅಕ್ಕ ಫೋನು ಮಾಡಿ, ಅವನು ಮನೆಗೆ ಬಂದಾಗಲೂ ಚಹಾ ಕುಡಿದವನೇ ಪುಸ್ತಕ ಹಿಡಿಯುತ್ತಾನೆ ಎಂದಳು.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ ಈ ವಿಷಯವನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಯಾವಾಗ, ಎಲ್ಲಿ ಕೂತು ಬರೆಯುತ್ತೇನೆ ಎಂದು ಮೊದಲೇ ನಿಗದಿ ಮಾಡಿಕೊಂಡವರಲ್ಲಿ ಕೆಲಸ ಮುಗಿಸಿದವರ ಪ್ರಮಾಣ ಉಳಿದವರ ಸುಮಾರು ಎರಡು ಪಟ್ಟಿತ್ತು. ಮನಸ್ಸಿಗೆ ಪ್ರತಿದಿನ ಹೊಸದಾಗಿ ನಿರ್ಧರಿಸುವ ಕಷ್ಟ ಕೊಡಬೇಡಿ. ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸದ ಬಾಲಕ್ಕೆ ಹೊಸ ಕೆಲಸ ಕಟ್ಟಿ. ಹಾಲು ಒಲೆಯ ಮೇಲಿಟ್ಟಾಗ, ಬಸ್ಸಿನಲ್ಲಿ ಸೀಟು ಸಿಕ್ಕಿದಾಗ, ಮಗುವನ್ನು ಶಾಲೆಗೆ ಬಿಟ್ಟು ತಿರುಗಿದಾಗ. ಜೀವನದಲ್ಲಿ ಇಂಥ ಗೂಟಗಳು ಬೇಕಾದಷ್ಟಿವೆ.

8. ಅಡ್ಡಿ ಏನೆಂದು ಮೊದಲೇ ಬರೆದಿಡಿ

ಕಣ್ಣು ಮುಚ್ಚಿ ಗೆದ್ದಂತೆ ಕಲ್ಪಿಸಿಕೊಳ್ಳಿ ಎಂದು ಹೇಳುವ ಭಾಷಣಕಾರರು ಬಹಳ. ಗೇಬ್ರಿಯೆಲ್ ಎಟಿಂಗನ್ ಎಂಬ ಮನಶ್ಶಾಸ್ತ್ರಜ್ಞೆಯ ಅಧ್ಯಯನಗಳು ಬೇರೆಯದನ್ನೇ ತೋರಿಸಿವೆ. ಬರೀ ಸಿಹಿ ಕಲ್ಪನೆಯಲ್ಲಿ ಮುಳುಗಿದವರು ದುಡಿಯುವುದು ಕಡಿಮೆ. ಗೆಲುವನ್ನೂ ಅದರ ದಾರಿಯಲ್ಲಿರುವ ಅಡ್ಡಿಯನ್ನೂ ಒಟ್ಟಿಗೆ ಕಂಡವರು ಮುಂದೆ ಹೋಗುತ್ತಾರೆ.

ಪ್ರಕಾಶ್ ಪಡುಕೋಣೆ ಆಟ ಕಲಿಯುವ ಕಾಲಕ್ಕೆ ಬೆಂಗಳೂರಿನಲ್ಲಿ ಇಂದಿನಂಥ ಬ್ಯಾಡ್ಮಿಂಟನ್ ಅಂಗಳಗಳಿರಲಿಲ್ಲ. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಆಡಬೇಕು, ಅದು ಮದುವೆಗಳು ನಡೆಯುವ ಹಾಲು. ಸಮಾರಂಭವಿದ್ದ ದಿನ ಆಟವಿಲ್ಲ. ಹಾಲು ಖಾಲಿಯಿದೆ ಎಂದು ಗೊತ್ತಾದ ದಿನ ಶಾಲೆ ಬಿಟ್ಟ ಕೂಡಲೇ ಓಟ. ಮದುವೆ ತಿಂಗಳು ಬಂದರೆ ಏನು ಮಾಡುವುದೆಂದು ಗೊತ್ತಿದ್ದ ಹುಡುಗ 1971ರಿಂದ ಸತತ ಒಂಬತ್ತು ವರ್ಷ ರಾಷ್ಟ್ರೀಯ ಚಾಂಪಿಯನ್ ಆದರು. 1980ರಲ್ಲಿ ಲಿಯೆಮ್ ಸ್ವೀ ಕಿಂಗ್ ಅವರನ್ನು ಮಣಿಸಿ ಆಲ್ ಇಂಗ್ಲೆಂಡ್ ಗೆದ್ದರು, ಆ ಪ್ರಶಸ್ತಿ ತಂದ ಮೊದಲ ಭಾರತೀಯ.

ನಿಮ್ಮ ‘ಮದುವೆ ತಿಂಗಳು’ ಯಾವುದು? ಮಳೆಯೇ, ನೆಂಟರೇ, ತಿಂಗಳ ಕೊನೆಯ ವಾರವೇ, ಅಂಗೈಯಲ್ಲಿರುವ ಫೋನೇ? ಹೆಸರಿಟ್ಟು ಬರೆಯಿರಿ. ಎದುರಿಗೆ ಆ ದಿನ ಏನು ಮಾಡುವಿರೆಂದೂ ಬರೆಯಿರಿ. ಅಮ್ಮನ ಹಾಳೆಯಲ್ಲಿ ‘ಮಳೆ ಬಂದರೆ ಮಹಡಿ ಮೆಟ್ಟಿಲು ಹತ್ತು ಸಲ’ ಎಂದಿತ್ತು.

9. ದಿನದ ಲೆಕ್ಕ ಕೆಲಸದ್ದಿರಲಿ

ಗುರಿಗೆ ಫಲದ ಹೆಸರಿಡಿ ಎಂದೆ. ಆದರೆ ದಿನವೂ ಫಲವನ್ನೇ ಅಳೆಯುತ್ತ ಕೂತರೆ ಎದೆಗುಂದುತ್ತದೆ. ತೂಕದ ಯಂತ್ರದ ಮೇಲೆ ದಿನಾ ನಿಲ್ಲುವವರನ್ನು ಕೇಳಿ. ಫಲ ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲ, ಕೆಲಸ ಇದೆ.

ರಾಹುಲ್ ದ್ರಾವಿಡ್ ಟೆಸ್ಟ್ ಕ್ರಿಕೆಟ್‌ನಲ್ಲಿ 13,288 ರನ್ ಗಳಿಸಿದರು. ಇದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಅಂಕಿ 31,258. ಅದು ಅವರು ಟೆಸ್ಟ್‌ಗಳಲ್ಲಿ ಎದುರಿಸಿದ ಎಸೆತಗಳ ಸಂಖ್ಯೆ. ಎಸೆತಕ್ಕೆ ರನ್ ಬರುವುದು ಬಿಡುವುದು ಬೌಲರು, ಪಿಚ್ಚು, ಅದೃಷ್ಟ ಎಲ್ಲವೂ ಸೇರಿ ಆಗುವ ಮಾತು. ಬಂದ ಎಸೆತಕ್ಕೆ ಬ್ಯಾಟು ನೇರ ಹಿಡಿದು ನಿಲ್ಲುವುದು ಆಟಗಾರನ ಮಾತು.

ನಮ್ಮ ಮನೆಯ ಲೆಕ್ಕ ಅಡುಗೆಮನೆಯ ಗೋಡೆಯಲ್ಲಿತ್ತು. ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು, ಮೊಳೆಗೆ ದಾರ ಕಟ್ಟಿ ತೂಗುಬಿಟ್ಟ ಬಾಲ್‌ಪೆನ್ನು. ದಪ್ಪ ಅಂಕಿಗಳ ಪಕ್ಕದ ಖಾಲಿ ಜಾಗದಲ್ಲಿ ಅಮ್ಮ ಮೊದಲಿನಿಂದಲೂ ಹಾಲು ಹೆಚ್ಚು ತೆಗೆದುಕೊಂಡ ದಿನ, ಸಿಲಿಂಡರ್ ಹಚ್ಚಿದ ದಿನ, ಚೀಟಿಯ ಕಂತು ಗುರುತು ಹಾಕುತ್ತಿದ್ದವರು. ಈಗ ಅದೇ ಮನೆಗಳಲ್ಲಿ ‘ಕೆ 20’, ‘ಕೆ 25’ ಎಂದು ಬರತೊಡಗಿತು. ಕೆ ಎಂದರೆ ಕುಕ್ಕರಹಳ್ಳಿ ಕೆರೆ, 20 ಎಂದರೆ ನಡೆದ ನಿಮಿಷ. ಮಳೆಯ ದಿನಕ್ಕೆ ‘ಮ’, ಮಹಡಿ ಮೆಟ್ಟಿಲು. ತೂಕವೆಷ್ಟು, ಸಕ್ಕರೆಯೆಷ್ಟು ಎಂದು ಅಲ್ಲಿ ಒಂದು ಸಾಲೂ ಇಲ್ಲ. ಅದಕ್ಕೆ ಮೂರು ತಿಂಗಳಿಗೊಮ್ಮೆ ಲ್ಯಾಬಿನ ಚೀಟಿ ಇತ್ತು. ಸಾರಿಗೆ ಒಗ್ಗರಣೆ ಹಾಕುತ್ತಾ ತಲೆಯೆತ್ತಿದರೆ ತಿಂಗಳು ಪೂರ್ತಿ ಕಣ್ಣಿಗೆ ಬೀಳುತ್ತಿತ್ತು. ಫೋನಿನ ಆ್ಯಪುಗಳಿಗಿಂತ ಇದು ಮೇಲು ಎಂದು ನನಗೆ ಅಂದಿನಿಂದ ಅನ್ನಿಸಿದೆ. ಗೋಡೆಯ ಮೇಲಿದ್ದದ್ದು ಎಲ್ಲರಿಗೂ ಕಾಣುತ್ತದೆ, ತೆರೆದು ನೋಡುವ ಕೆಲಸವೇ ಇಲ್ಲ.

10. ಒಂದು ದಿನ ತಪ್ಪಿದರೆ ಪಾಪವಿಲ್ಲ

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಎಲ್ಲೆಡೆ ಕೇಳುತ್ತೀರಿ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರ ತಮ್ಮ ಪುಸ್ತಕದಲ್ಲಿ, ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕೆಂದು ಬರೆದಿದ್ದರು. ‘ಕನಿಷ್ಠ’ ಎಂಬ ಪದ ಬಾಯಿಂದ ಬಾಯಿಗೆ ಹೋಗುತ್ತ ಉದುರಿಹೋಯಿತು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18ರಲ್ಲೇ ಆಯಿತು, ಕೆಲವರ ಲೆಕ್ಕ 254ರ ತನಕ ಹೋಯಿತು. ಅದರಲ್ಲೇ ಇನ್ನೊಂದು ಮಾತಿದೆ, ನನಗೆ ಅದೇ ಮುಖ್ಯ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಪೆಟ್ಟು ಬೀಳುವುದು ‘ಹೇಗೂ ತಪ್ಪಿತಲ್ಲ’ ಎನ್ನುವ ಮಾತಿನಿಂದ. ಅಮ್ಮನಿಗೆ ಒಂದೇ ನಿಯಮವಿತ್ತು: ಕ್ಯಾಲೆಂಡರಿನಲ್ಲಿ ಅಕ್ಕಪಕ್ಕದ ಎರಡು ಮನೆ ಖಾಲಿ ಇರಬಾರದು. ಅದು ಅವರೇ ಮಾಡಿಕೊಂಡದ್ದು, ಲಂಡನ್ನಿನ ವಿಷಯ ಅವರಿಗೆ ಗೊತ್ತಿರಲಿಲ್ಲ.

11. ನಿಮ್ಮ ಅಂದಾಜಿಗೆ ಅರ್ಧ ಸೇರಿಸಿ

ಮನೆ ಕಟ್ಟಿ ನೋಡು ಎಂದು ಗಾದೆ ಹೇಳುವುದು ಇದನ್ನೇ. ಯುಗಾದಿಗೆ ಗೃಹಪ್ರವೇಶ ಎಂದವರು ದೀಪಾವಳಿಗೆ ಹಾಲು ಉಕ್ಕಿಸುತ್ತಾರೆ. ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಇದನ್ನು ಗುರುತಿಸಿದ್ದರು. ಮುಂದಿನ ಕೆಲಸವನ್ನು ಅಂದಾಜು ಮಾಡುವಾಗ ಹಿಂದಿನ ಕೆಲಸಕ್ಕೆ ಹಿಡಿದ ಕಾಲ ನಮಗೆ ನೆನಪಾಗುವುದೇ ಇಲ್ಲ. 1994ರ ಒಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕು ಎಂದಿದ್ದರು. ಹಿಡಿದದ್ದು ಸರಾಸರಿ 55 ದಿನ.

ಹೀಗಾಗಿ ತಾರೀಕು ದಾಟಿದರೆ ಗುರಿ ಸತ್ತಿತೆಂದು ತಿಳಿಯಬೇಡಿ. ದಸರೆಯೊಳಗೆ ಎಂದಿದ್ದ ಅಮ್ಮ ದಸರೆಗೆ ನಾನೂರನೆಯ ಮೆಟ್ಟಿಲಿನ ತನಕ ಹೋಗಿ ಕೂತು ನೀರು ಕುಡಿದು ಇಳಿದರು. ಕಾರ್ತಿಕದ ಒಂದು ಸೋಮವಾರ ನಂದಿಯ ಮುಂದೆ ನಿಂತರು. ಕಲ್ಲಿನ ಕೊರಳಗಂಟೆಯನ್ನು ಬಹಳ ಹೊತ್ತು ನೋಡುತ್ತಿದ್ದರು, ಆಮೇಲೆ ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ಕಡಲೆ, ಬೆಲ್ಲ ಹಂಚಿದರು. ಆ ಸಲದ ಲ್ಯಾಬಿನ ಚೀಟಿಯಲ್ಲಿ ಸಕ್ಕರೆಯೂ ಇಳಿದಿತ್ತು.

12. ಸುರಂಗ ಬಿಡಿ, ನೀರು ಬಿಡಬೇಡಿ

ಹಿಡಿದದ್ದನ್ನು ಬಿಡಬಾರದು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬಿಡುವುದನ್ನು ಕಲಿಯದವರು ಒಣಗಿದ ಸುರಂಗದಲ್ಲೇ ಆಯುಷ್ಯ ಕಳೆಯುತ್ತಾರೆ. ಸಪ್ತಾಪುರದ ಓದುವ ಕೋಣೆಗಳಲ್ಲಿ ಆರು, ಏಳು ವರ್ಷ ಒಂದೇ ಪರೀಕ್ಷೆಗೆ ಕೂತು ಮುವ್ವತ್ತು ದಾಟಿದವರಿದ್ದಾರೆ. ಅವರ ಶ್ರಮ ನೋಡಿದರೆ ಕರುಳು ಚುರ್ ಅನ್ನುತ್ತದೆ. ಅವರನ್ನು ಕೂರಿಸಿಕೊಂಡು ಕೇಳಬೇಕೆನಿಸುತ್ತದೆ: ನಿಮಗೆ ಬೇಕಾಗಿರುವುದು ಆ ಹುದ್ದೆಯ ಹೆಸರೋ, ತಿಂಗಳು ತಿಂಗಳು ತಪ್ಪದ ಸಂಬಳವೋ, ಊರಿನಲ್ಲಿ ಅಪ್ಪ ತಲೆಯೆತ್ತಿ ನಡೆಯುವುದೋ? ಸಂಬಳ ಮತ್ತು ಅಪ್ಪನ ನೆಮ್ಮದಿ ನೀರಾದರೆ, ಅದು ಸಿಗುವ ಗುಡ್ಡಗಳು ಇನ್ನೂ ಇವೆ.

ಬಿಡುವ ಮುನ್ನ ಮೂರು ಸಂಗತಿ ನೋಡಿ. ಕ್ಯಾಲೆಂಡರಿನಲ್ಲಿ ಕೆಲಸದ ಗುರುತುಗಳು ನಿಜಕ್ಕೂ ಇವೆಯೇ? ಇಲ್ಲದಿದ್ದರೆ ದಾರಿಯ ತಪ್ಪಲ್ಲ, ಮೊದಲು ಕೆಲಸ ನಡೆಯಲಿ. ಗುರುತುಗಳಿದ್ದೂ ಆರು ತಿಂಗಳಲ್ಲಿ ಮಣ್ಣು ಒಂದಿಷ್ಟೂ ತೇವವಾಗಿಲ್ಲವೇ? ಹಾಗಿದ್ದರೆ ಬಲ್ಲವರೊಬ್ಬರಿಗೆ ತೋರಿಸಿ. ಮೂರನೆಯದು, ಆ ಫಲ ಇವತ್ತಿಗೂ ನಿಮಗೆ ಬೇಕೇ? ಐದು ವರ್ಷದ ಹಿಂದಿನ ನೀವು ಬಯಸಿದ್ದು ಇಂದಿನ ನಿಮಗೆ ಬೇಡವಾಗಿರಬಹುದು. ಅದನ್ನು ಗೌರವದಿಂದ ಕೆಳಗಿಡಿ, ನಾಚಿಕೆ ಬೇಡ.

ಇಷ್ಟನ್ನು ಓದಿದ ನಿಮ್ಮಲ್ಲಿ ಒಂದು ಕೋರಿಕೆ. ಗುರಿಯನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ‘ಏನಾಯ್ತು?’ ಎಂದು ವಾರಕ್ಕೊಮ್ಮೆ ತಪ್ಪದೆ ಕೇಳುವ ಒಬ್ಬರಿಗೆ ಮಾತ್ರ ಹೇಳಿ. ಅಕ್ಕನಿಗೆ, ಗೆಳೆಯನಿಗೆ, ಮಗಳಿಗೆ, ಯಾರಾದರೂ ಸರಿ. ಆಮೇಲೆ ಅಡುಗೆಮನೆಗೆ ಹೋಗಿ, ಕ್ಯಾಲೆಂಡರಿನಲ್ಲಿ ನಾಳಿನ ಮನೆ ನೋಡಿ, ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡುತ್ತೀರಿ ಎಂದು ಪೆನ್ನಿನಲ್ಲಿ ಬರೆದು ಮಲಗಿ.